ಶೇಷ ಉಳಿಯದ ಸಂಖ್ಯೆ

ಹಡಪಸರದ ಆ ಓಣಿಯಲ್ಲಿ ಒಬ್ಬೊಬ್ಬರ ಬಾಗಿಲ ಮೇಲೆ ಒಂದೊಂದು ದೇವರ ಹೆಸರಿದ್ದರೆ, ಫಕೀರಪ್ಪನವರ ಬಾಗಿಲ ಮೇಲೆ ೭೨೦೭೨೦ ಎಂದು ಬರೆದಿತ್ತು. ಕೊರಿಯರಿನವರು ಅದನ್ನು ಪಿನ್‌ಕೋಡ್ ಎಂದುಕೊಂಡು ತಲೆ ಕೆರೆದುಕೊಳ್ಳುತ್ತಿದ್ದರು. ಟ್ರಾನ್ಸ್‌ಪೋರ್ಟ್ ಆಫೀಸಿನ ಗುಮಾಸ್ತಿಕೆಯಿಂದ ನಿವೃತ್ತರಾದ ಫಕೀರಪ್ಪ ಕೇಳಿದವರಿಗೂ ಕೇಳದವರಿಗೂ ವಿವರಿಸುವವರೇ: ಒಂದರಿಂದ ಹದಿನಾರರವರೆಗೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯದ ಸಂಖ್ಯೆಗಳಲ್ಲಿ ಎಲ್ಲಕ್ಕಿಂತ ಸಣ್ಣದು ಇದೇ. ತಮ್ಮಂದಿರ ಸಂಸಾರವೂ ಕೂಡಿ ಮನೆಯಲ್ಲಿ ಅವರ ಲೆಕ್ಕಕ್ಕೆ ಹದಿನಾರು ಮಂದಿ. ಶೇಷ ಉಳಿದಲ್ಲಿ ಜಗಳ ಹುಟ್ಟುತ್ತದೆ ಎಂಬುದು ಅವರ ವೇದಾಂತ. ಆ ಮನೆಯಲ್ಲಿ ಜಗಳವೇ ಇರಲಿಲ್ಲ ಅಂತೇನಲ್ಲ, ಅದಕ್ಕೆ ಗಣಿತ ಹೊಣೆಯಲ್ಲ.

ಹೀಗಿರುವಾಗ ಮಗ ಶಿವಪ್ರಕಾಶ, ಭೋರ್‌ನ ಮರಾಠಿ ಹುಡುಗಿ ಸ್ನೇಹಲ್‌ಳನ್ನು ಮದುವೆಯಾಗುತ್ತೇನೆಂದ.

"ಜಾತಿ ಗೀತಿ ನಾ ನೋಡಾಂವಲ್ಲಪಾ," ಎಂದರು ಫಕೀರಪ್ಪ. "ಆದ್ರ ಆಕಿ ಬಂದ್ರ ಹದಿನೇಳು ಮಂದಿ, ಹದಿನೇಳರಿಂದ ಭಾಗಿಸಿದ್ರ ಐದು ಉಳೀತಾವ. ನಾ ಏನ್ ಮಾಡ್ಲಿ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಜಾತಿಯ ಮಾತು ಬಾಯಿಬಿಟ್ಟು ಆಡಲು ನಾಚಿಕೆ, ಬಿಡಲು ಮನಸ್ಸಿಲ್ಲ. ಪಾಪ, ಹದಿನೇಳು ಕೈಗೆ ಸಿಕ್ಕಿತ್ತು, ಅದರ ಮೇಲೆ ಹಾಕಿದರು.

"ಹಂಗಾರ ನಾನಽ ಮನಿ ಬಿಟ್ಟು ಹೋಗ್ತೀನ್ರಿ ಅಪ್ಪಾ," ಎಂದ ಶಿವಪ್ರಕಾಶ. "ಹದಿನೈದು ಉಳೀತೀರಿ. ಬರೋಬ್ಬರಿ ಭಾಗ ಹೋಗ್ತದ."

ಹೋಗುತ್ತದೆ, ಸುಳ್ಳಲ್ಲ. ಒಬ್ಬೊಬ್ಬರಿಗೆ ನಲವತ್ತೆಂಟು ಸಾವಿರದ ನಲವತ್ತೆಂಟು. ಲೆಕ್ಕ ಇಷ್ಟು ಚೆಂದ ಬಂದದ್ದಕ್ಕೆ ಫಕೀರಪ್ಪನವರಿಗೆ ಜನ್ಮದಲ್ಲಿ ಮೊದಲ ಸಲ ಸಂಕಟವಾಯಿತು. ಇದ್ದೊಬ್ಬ ಮಗ. ಅವನು ಬಟ್ಟೆ ತುಂಬಿಕೊಳ್ಳುವ ಸಪ್ಪಳ ಕೇಳಲಾರದೆ ಅಡುಗೆಮನೆಗೆ ಹೋಗಿ ಹೆಂಡತಿ ಶಿವಗಂಗವ್ವನ ಮುಂದೆ ಹೇಳಿಕೊಂಡರು.

ಶಿವಗಂಗವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು, "ಹದಿನಾರು ಅಂದ್ರ ಯಾರ್ಯಾರ್ರಿ?"

ಪಂಕ್ತಿಯಲ್ಲಿ ತಾಟು ಇಡುವ ಕ್ರಮದಲ್ಲೇ ಅವರು ಬೆರಳು ಮಡಚುತ್ತ ಹೆಸರು ಹೇಳಿದರು. ತಮ್ಮಂದಿರು, ಅವರ ಹೆಂಡಂದಿರು, ಮಕ್ಕಳು, ಶಿವಪ್ರಕಾಶ, ತಾವು. ಹದಿನಾರು.

"ನಾ ಎಷ್ಟನೇದಾಕಿ?"

ಫಕೀರಪ್ಪ ಮತ್ತೆ ಎಣಿಸಿದರು. ಹಿರಿ ಸೊಸೆ ಎಲ್ಲರಿಗೂ ಬಡಿಸಿ, ಕೊನೆಗೆ ಒಲೆಯ ಮುಂದೆ ಕೂತು ಪಾತ್ರೆಯಲ್ಲಿ ಇದ್ದಷ್ಟನ್ನು ಉಣ್ಣುವುದು ಆ ಮನೆಯ ಪದ್ಧತಿ. ಪಂಕ್ತಿಯಲ್ಲಿ ಶಿವಗಂಗವ್ವನ ತಾಟು ಎಂದೂ ಬಿದ್ದಿರಲಿಲ್ಲ. ತಾಟು ಎಣಿಸಿದವರ ಲೆಕ್ಕಕ್ಕೆ ಅವಳೂ ಎಂದೂ ಬಂದಿರಲಿಲ್ಲ. ಅವರಿಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಬಿಡದ ಚಟ, ಅವಳನ್ನೂ ಬರುವ ಸೊಸೆಯನ್ನೂ ಕೂಡಿಸಿ ಬಾಯಲ್ಲೇ ಹದಿನೆಂಟರಿಂದ ಭಾಗಿಸಿದರು. ನಲವತ್ತು ಸಾವಿರದ ನಲವತ್ತು. ಶೇಷ ಇಲ್ಲ.

ಎದ್ದು ಮಗನ ಕೋಣೆಗೆ ಹೋದರು.

"ಬ್ಯಾಗ್ ಇಳಸು. ಆ ಹುಡುಗೀನ್ನ ಕರ್ಕೊಂಡು ಬಾ. ಆಕಿ ಬಂದ್ರನ ಲೆಕ್ಕ ಕೂಡ್ತದ."

"ಹದಿನೇಳು ಆಗ್ತೀವಲ್ರಿ ಅಪ್ಪಾ?"

"ಹದಿನೇಳು ಮೊದಲಿಂದನೂ ಇದ್ದೀವಿ," ಎಂದರು ಫಕೀರಪ್ಪ. "ಇಷ್ಟು ವರ್ಷ ಶೇಷ ನಿಮ್ಮವ್ವ ಉಂಡಾಳ."