ಸಂತೆ ಚೌಕದಲ್ಲಿ ನಮ್ಮ ಬುಟ್ಟಿ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಟೊರಾಂಟೋದ ಒಂದು ಲ್ಯಾಬಿನಲ್ಲಿ ರಕ್ತದ ಸ್ಲೈಡುಗಳನ್ನು ನೋಡುತ್ತಲೇ ನನ್ನ ಕೆಲಸದ ವರ್ಷಗಳೆಲ್ಲ ಕಳೆದವು. ಮೈಕ್ರೋಸ್ಕೋಪಿನಲ್ಲಿ ಕಂಡರೆ ಉಂಟು, ಕಾಣದಿದ್ದರೆ ಇಲ್ಲ, ಅಷ್ಟೇ. ನಮ್ಮ ಕನ್ನಡದವರ ಪಾಟ್‌ಲಕ್ಕುಗಳಲ್ಲಿ ಊಟವಾದ ಮೇಲೆ ಯಾರಾದರೂ ದೆವ್ವದ ಕಥೆ ಶುರು ಮಾಡಿದರೆ, ಕಾಫಿ ಬೆರೆಸುವ ನೆಪ ಹೇಳಿ ಎದ್ದು ಹೋಗುತ್ತಿದ್ದೆ. ಅಂಥವಳು ಈಗ ಇದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ.

ನಮ್ಮ ಒಬ್ಬಳೇ ಮಗಳು ಕಾವ್ಯ ಇಂಗ್ಲೆಂಡಿನ ಒಂದು ಹಳೆಯ ಪಟ್ಟಣದಲ್ಲಿ ಸ್ಕೂಲ್ ಟೀಚರು. ಊರಿನ ಹೆಸರು ಬೇಡ. ಶತಮಾನಗಳಿಂದ ವಾರದ ಸಂತೆ ನಡೆದುಕೊಂಡು ಬಂದಿರುವ ಊರು. ನಡುವೆ ಕಲ್ಲು ಹಾಸಿದ ಚೌಕ, ಪಕ್ಕದಲ್ಲಿ ಚರ್ಚು, ಇಳಿಜಾರಿನ ಕೊನೆಗೆ ಹೊಳೆ. ಅವಳಿಗೆ ಮಗಳು ಹುಟ್ಟಿದ ವರ್ಷ, ಟೊರಾಂಟೋ ಪಕ್ಕದ ಮಿಸ್ಸಿಸ್ಸಾಗಾದಲ್ಲಿರುವ ಮನೆ ಮಾರಿ ನೀವಿಬ್ಬರೂ ಇಲ್ಲಿಗೇ ಬಂದುಬಿಡಿ ಎಂದು ಹಟ ಹಿಡಿದಳು. ಇವರಿಗೆ, ಎಂದರೆ ನಮ್ಮ ಯಜಮಾನರಿಗೆ, ಆ ಕ್ಷಣವೇ ಹೊರಡುವ ಆಸೆ. ಆಗಷ್ಟೇ ಎದೆಯ ಆಪರೇಷನ್ ಆಗಿತ್ತು. ಮೊಮ್ಮಗಳನ್ನು ಎತ್ತಿ ಆಡಿಸಲು ಇನ್ನೆಷ್ಟು ಕಾಲ ಸಿಗುತ್ತದೋ ಎಂಬ ಚಿಂತೆ. ನನಗೆ ಅದೇ ಎದೆಯದೇ ಭಯ. ರೆಕ್ಸ್‌ಡೇಲಿನ ಬಾಡಿಗೆ ಅಪಾರ್ಟ್‌ಮೆಂಟಿನಿಂದ ಸ್ಟ್ರೀಟ್ಸ್‌ವಿಲ್ಲಿನ, ಎಂದರೆ ಮಿಸ್ಸಿಸ್ಸಾಗಾದ ಹಳೆಯ ಭಾಗದ, ಈ ಮನೆಗೆ ಬರುವಷ್ಟರಲ್ಲಿ ನಮ್ಮ ಅರ್ಧ ಆಯುಸ್ಸು ಮುಗಿದಿತ್ತು. ಇಲ್ಲಾದರೆ ಅಕ್ಕಪಕ್ಕದವರು ಗೊತ್ತು, ಡಾಕ್ಟರು ಗೊತ್ತು. ಅಲ್ಲಿ ಕಾವ್ಯ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಇವರಿಗೆ ಏನಾದರೂ ಆದರೆ ನಾನು ಯಾರ ಬಾಗಿಲು ಬಡಿಯಲಿ?

“ಹೆಣ್ಣು ನೋಡೋ ಶಾಸ್ತ್ರ ಮಾಡೋಣ ಕಣೇ, ಊರಿಗೆ” ಎಂದರು ಇವರು. “ನೋಡಿದ ಮೇಲೆ ಒಪ್ಪೋದು ಬಿಡೋದು ನಿಂದೇ ಡಿಸಿಷನ್ನು.”

ಚಳಿಗಾಲ ಬಂದು, ಪೋರ್ಟ್ ಕ್ರೆಡಿಟ್ಟಿನಲ್ಲಿ ಲೇಕಿನ ದಂಡೆಯ ಮೇಲಿನ ನಮ್ಮ ವಾಕಿಂಗು ನಿಂತುಹೋಗಿತ್ತು. ದಾರಿಯೆಲ್ಲ ಮಂಜುಗಡ್ಡೆ. ಹಾಗಾಗಿ ಸಂಜೆಯ ಕಾಫಿ ಆದಮೇಲೆ ಇಂಟರ್‌ನೆಟ್ಟಿನ ಮ್ಯಾಪನ್ನು ಟಿವಿಗೆ ಹಾಕಿಕೊಂಡು, ಅದರಲ್ಲಿರುವ ಬೀದಿ ಬೀದಿಯ ಫೋಟೋಗಳಲ್ಲಿ ಆ ಊರನ್ನು ಸುತ್ತುತ್ತಿದ್ದೆವು. ಮುಂದೆ ಸಾಗಲು ಬಾಣದ ಗುರುತು ಒತ್ತುವುದು ಇವರ ಕೆಲಸ, ಕೊಂಕು ತೆಗೆಯುವುದು ನನ್ನದು.

“ಫುಟ್‌ಪಾತ್ ನೋಡ್ರೀ, ಇಷ್ಟೇ ಇಷ್ಟು ಅಗಲ. ಅದಕ್ಕೂ ಕಲ್ಲು ಹಾಸಿದಾರೆ. ನನ್ನ ಮಂಡಿ ಗತಿ ಏನು? ಕೊತ್ತಂಬರಿ ಸೊಪ್ಪು ಎಲ್ಲಿ ಸಿಗುತ್ತಂತೆ?”

“ನಮ್ಮ ಸ್ಟ್ರೀಟ್ಸ್‌ವಿಲ್ಲು ಹೆರಿಟೇಜು ಹೆರಿಟೇಜು ಅಂತ ಕುಣೀತೀಯಲ್ಲ, ಇದರ ಮುಂದೆ ಅದು ನಿನ್ನೆ ಹುಟ್ಟಿದ ಮಗು! ಅದನ್ನೂ ಒಂಚೂರು ಹೇಳು.”

ಬಾಯಲ್ಲಿ ಹೀಗೆಂದರೂ, ನಿಜ ಹೇಳಬೇಕೆಂದರೆ ಊರು ನನಗೆ ಹಿಡಿಸತೊಡಗಿತ್ತು. ಸಂತೆಯ ದಿನ ತೆಗೆದ ಫೋಟೋಗಳಿದ್ದವು. ಪಟ್ಟೆ ಪಟ್ಟೆಯ ಬಟ್ಟೆ ಚಪ್ಪರಗಳು, ಮಣ್ಣು ಮೆತ್ತಿಕೊಂಡ ಆಲೂಗಡ್ಡೆಯ ರಾಶಿ, ಸೊಪ್ಪು ಮೂಸಿ ನೋಡುತ್ತಿರುವ ಮುದುಕಿ. ತಿಪಟೂರಿನ ಸಂತೆಯಲ್ಲಿ ಅಮ್ಮನ ಸೆರಗು ಹಿಡಿದು ನಡೆಯುತ್ತಿದ್ದದ್ದು ನೆನಪಾಗುತ್ತಿತ್ತು.

ಇಲ್ಲಿ ನಮ್ಮ ಬುಟ್ಟಿಯ ವಿಷಯ ಹೇಳಬೇಕು. ಒಂದು ಕಾಲದಲ್ಲಿ ನಮ್ಮ ಹೆಂಗಸರೆಲ್ಲ ಪ್ಲಾಸ್ಟಿಕ್ ವೈರಿನಲ್ಲಿ ಬುಟ್ಟಿ ಹೆಣೆಯುತ್ತಿದ್ದರಲ್ಲ, ಅಂಥದ್ದೊಂದನ್ನು ನನ್ನ ಮದುವೆಗೆ ಅಮ್ಮ ಹೆಣೆದುಕೊಟ್ಟಿದ್ದಳು. ನೀಲಿ ಹಳದಿ ಬುಟ್ಟಿ. ಹಳದಿ ವೈರು ಸಾಲದೆ ಬಂದು, ಬಾಯಿಯ ಹತ್ತಿರ ಒಂದು ಸಾಲು ಮಾತ್ರ ಕೆಂಪಗಿತ್ತು. ಅದು ನನ್ನ ಜೊತೆ ಕೆನಡಾಕ್ಕೆ ಬಂದು, ಅಡುಗೆಮನೆಯಲ್ಲಿ ಈರುಳ್ಳಿ ಬುಟ್ಟಿಯಾಗಿ ಉಳಿದುಕೊಂಡಿತು. ಒಂದು ಹಿಡಿ ಹರಿದಾಗ ಎಸೆಯುತ್ತೇನೆಂದೆ. ಇವರು ಎಲೆಕ್ಟ್ರಿಕಲ್ ಎಂಜಿನಿಯರು, ಏನು ಮುರಿದರೂ ಕರಿ ಟೇಪೇ ಮದ್ದು. ಬಿಗಿಯಾಗಿ ಸುತ್ತಿ ಕೊಟ್ಟರು.

ಅವತ್ತು ಮಧ್ಯಾಹ್ನದಿಂದಲೇ ಜೋರು ಹಿಮ. ಹೊರಗೆ ಕಾರುಗಳೇ ಕಾಣುತ್ತಿರಲಿಲ್ಲ. ಕಾಫಿ ಲೋಟ ಹಿಡಿದು ಟಿವಿಯ ಮುಂದೆ ಕೂತೆವು. ಇವರು ಚರ್ಚಿನ ಪಕ್ಕದ ಓಣಿಯಿಂದ ಚೌಕಕ್ಕೆ ಬಂದು, ಅಲ್ಲಿಯವರೆಗೆ ನೋಡದಿದ್ದ ಒಂದು ಮೂಲೆಗೆ ತಿರುಗಿಸಿದರು. ಅಲ್ಲೊಂದು ಬೆಂಚು, ಬೆಂಚಿನ ಮೇಲೆ ಒಬ್ಬ ಹೆಂಗಸು. ಬೂದು ಬಣ್ಣದ ಕೋಟು, ಅದರ ಕೆಳಗೆ ಸೀರೆಯ ಅಂಚು. ಒಂದು ಶೂ ಬಿಚ್ಚಿಟ್ಟು ಆ ಕಾಲನ್ನು ಮಡಿಚಿ ಕೂತಿದ್ದಳು. ಎಲ್ಲಿ ಕೂತರೂ ನಾನು ಕೂರುವುದು ಹಾಗೆಯೇ. ಆ ಮ್ಯಾಪಿನಲ್ಲಿ ಎಲ್ಲರ ಮುಖವನ್ನೂ ಮಸುಕು ಮಾಡಿರುತ್ತಾರೆ, ಅವಳದ್ದೂ ಮಸುಕು. ಪಕ್ಕದಲ್ಲಿ ಒಂದು ನೀಲಿ ಹಳದಿ ಬುಟ್ಟಿ.

“ಏ, ಇದು ನೀನೇ ಅಲ್ವೇನೇ!” ಎಂದು ಇವರು ನಗುತ್ತಲೇ ಚಿತ್ರವನ್ನು ಹಿಗ್ಗಿಸಿದರು. ಬುಟ್ಟಿಯ ಬಾಯಿಯ ಹತ್ತಿರ ಒಂದು ಕೆಂಪು ಸಾಲು. ಹಿಡಿಗೆ ಕರಿ ಟೇಪು. ನಗು ಅಲ್ಲೇ ನಿಂತಿತು.

ನಾನು ಅದುವರೆಗೆ ಇಂಗ್ಲೆಂಡಿನಲ್ಲಿ ಕಾಲಿಟ್ಟವಳಲ್ಲ. ಎದ್ದು ಅಡುಗೆಮನೆಗೆ ಹೋದೆ, ಈರುಳ್ಳಿಯನ್ನೆಲ್ಲ ಕಟ್ಟೆಯ ಮೇಲೆ ಸುರಿದು ಬುಟ್ಟಿ ತಂದು ಟಿವಿಯ ಪಕ್ಕಕ್ಕೆ ಹಿಡಿದೆ. ಇವರು ಕನ್ನಡಕ ಒರೆಸಿಕೊಂಡು ಅದನ್ನೊಮ್ಮೆ ಇದನ್ನೊಮ್ಮೆ ನೋಡಿದರು.

“ನೋಡೇ, ಅದರ ಎರಡು ಹಿಡಿಗೂ ಟೇಪಿದೆ. ನಮ್ಮದಕ್ಕೆ ಒಂದೇ. ಅದು ನಮ್ಮದಲ್ಲ, ಬಿಡು.”

ಅಬ್ಬಾ ಅನ್ನಿಸಿತು. ಆದರೂ ಕಣ್ಣು ಕೀಳಲಾಗಲಿಲ್ಲ. ಕೊನೆಗೆ ಬಾಯಿಬಿಟ್ಟು ಹೇಳಿಯೇಬಿಟ್ಟೆ. “ಅವಳು ಒಬ್ಬಳೇ ಕೂತಿದಾಳಲ್ರೀ.”

ನನ್ನ ಮನಸ್ಸಿನಲ್ಲಿದ್ದದ್ದು ಇವರಿಗೆ ತಿಳಿಯಿತು. ಬೆಂಚಿನ ಇನ್ನೊಂದು ತುದಿಯನ್ನು ಬೆರಳಿನಿಂದ ತೋರಿಸಿದರು.

“ಒಬ್ಬಳೇ ಎಲ್ಲೇ? ಎರಡು ಕಾಫಿ ಕಪ್ಪಿದೆ ನೋಡು. ನಾನು ಅಲ್ಲೇ ಎಲ್ಲೋ ಚೌಕಾಸಿ ಮಾಡೋಕೆ ಹೋಗಿರ್ತೀನಿ.”

ಈ ಕಾಲದಲ್ಲಿ ಇದನ್ನು ಯಾರು ನಂಬುತ್ತಾರೆ ಹೇಳಿ? ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಬೇಕೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಮಾರನೆಯ ದಿನ ಕಾವ್ಯಳಿಗೂ ನೋಡೆಂದು ಹೇಳಿ, ನಾವೂ ಮ್ಯಾಪಿನಲ್ಲಿ ಅದೇ ಮೂಲೆಗೆ ಹೋದರೆ, ಬೆಂಚಿತ್ತು, ಮಳೆಯಲ್ಲಿ ನೆನೆದು ಖಾಲಿ. ಸಂತೆಯೂ ಇಲ್ಲ, ಯಾರೂ ಇಲ್ಲ. “ಡ್ಯಾಡ್, ದೇ ಅಪ್‌ಡೇಟ್ ದೀಸ್ ಆಲ್ ದ ಟೈಮ್” ಎಂದಳು ಕಾವ್ಯ, ಆ ಫೋಟೋಗಳನ್ನು ಆಗಾಗ ಬದಲಿಸುತ್ತಿರುತ್ತಾರಂತೆ. ಇರಬಹುದು.

ಆ ಊರು ಬೇಡ ಎಂದುಬಿಟ್ಟೆ. ತಂಡಿ, ಮಂಡಿ ಎಂದೆಲ್ಲ ಏನೇನೋ ಹೇಳಲು ಹೊರಟರೆ ಇವರು ನಡುವೆಯೇ ತಡೆದರು. “ಆ ಬೆಂಚಿಗೆ ಹೆದರಿದ್ಯಾ?” ಹೌದು ಎಂದೆ. “ಸರಿ ಬಿಡು. ಕಾವ್ಯಾನೇ ಬರಲಿ, ಮಗು ಎತ್ಕೊಂಡು.” ಮತ್ತೆ ಆ ಮಾತೆತ್ತಲಿಲ್ಲ. ಕಾವ್ಯ ಪ್ರತಿ ಬೇಸಿಗೆಯಲ್ಲೂ ಬಂದಳು. ಮೊಮ್ಮಗಳು ಅಜ್ಜನ ಹೆಗಲೇರಿ ಲೇಕಿನ ದಂಡೆಯಲ್ಲಿ ಬಾತುಕೋಳಿಗಳನ್ನು ಎಣಿಸಲು ಕಲಿತಳು.

ಅಲ್ಲಿಗೆ ಹೋಗದಿದ್ದರೆ ಆ ಚಿತ್ರ ಸುಳ್ಳಾಗುತ್ತದೆ ಎಂದುಕೊಂಡಿದ್ದೆ. ಹೋದ ವರ್ಷ ಇವರು ತೀರಿಕೊಂಡರು. ಇದೇ ಮನೆಯಲ್ಲಿ, ಅದೇ ಟಿವಿಯ ಮುಂದಿನ ಕುರ್ಚಿಯಲ್ಲಿ. ಗೊತ್ತಿದ್ದ ಡಾಕ್ಟರು, ಗೊತ್ತಿದ್ದ ನೆರೆಯವರು, ಎಲ್ಲರೂ ಬಂದರು. ಯಾರಿಂದಲೂ ಏನೂ ಮಾಡಲಾಗಲಿಲ್ಲ. ನನಗೆ ಆದ ದುಃಖವನ್ನು ಇಲ್ಲಿ ಬರೆಯಲಾರೆ.

ಈಚೆಗೆ ಒಂದು ಬೆಳಿಗ್ಗೆ ಸಾರಿಗೆಂದು ಈರುಳ್ಳಿ ಬುಟ್ಟಿ ಎತ್ತಿದೆ. ಇನ್ನೊಂದು ಹಿಡಿ ಪಟ್ಟೆಂದು ಹರಿದು ಈರುಳ್ಳಿಯೆಲ್ಲ ನೆಲದ ಮೇಲೆ ಉರುಳಿತು. ಬೇಸ್‌ಮೆಂಟಿಗೆ ಇಳಿದು ಇವರ ಟೂಲ್‌ಬಾಕ್ಸ್ ತೆರೆದೆ. ಟೇಪಿನ ತುದಿಯನ್ನು ಯಾವಾಗಲೂ ಮಡಿಚಿಡುತ್ತಿದ್ದರು, ಮುಂದಿನ ಸಲ ಹುಡುಕುವ ಕಷ್ಟ ಬೇಡವೆಂದು. ಹಾಗೆಯೇ ಮಡಿಚಿತ್ತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಹಿಡಿಗೆ ಸುತ್ತತೊಡಗಿದೆ. ಅರ್ಧ ಸುತ್ತಿದ ಮೇಲೆ ಕೈ ನಿಂತಿತು. ಎರಡೂ ಹಿಡಿಗೆ ಕರಿ ಟೇಪು.

ಎಲ್ಲ ರೀತಿಯಲ್ಲೂ ಯೋಚಿಸಿ ನೋಡಿದ್ದೇನೆ. ಅಂಥದ್ದೇ ಬುಟ್ಟಿ ಇನ್ನೊಬ್ಬರಲ್ಲಿ ಇರಬಾರದೆಂದಿಲ್ಲ. ವಯಸ್ಸಾದ ಕಣ್ಣು ತನಗೆ ಬೇಕಾದ್ದನ್ನು ಕಂಡಿರಬಹುದು. ಆದರೆ ನೋಡಿದ್ದು ಇಬ್ಬರು, ಸಾಕ್ಷಿ ಹೇಳಬೇಕಾದವರು ಈಗ ಇಲ್ಲ. ನನಗೆ ಅರ್ಥವಾಗಿಲ್ಲ, ಅರ್ಥವಾಯಿತೆಂದು ಸುಳ್ಳು ಹೇಳಲಾರೆ.

ಅವತ್ತೇ ಸಂಜೆ ಕಾವ್ಯ ಫೋನ್ ಮಾಡಿ, “ಅಮ್ಮಾ, ಪ್ಲೀಸ್, ಜಸ್ಟ್ ಕಮ್” ಎಂದಳು. ನಾನು ಕೊತ್ತಂಬರಿ ಸೊಪ್ಪಿನ ಮಾತೆತ್ತಲಿಲ್ಲ. “ಚೌಕದ ಮೂಲೇಲಿ ಆ ಬೆಂಚು ಇನ್ನೂ ಇದೆಯೇನೇ?” ಎಂದಷ್ಟೇ ಕೇಳಿದೆ. ಇದೆಯಂತೆ.

ಊರು ವಾಸಕ್ಕೆ ಒಳ್ಳೆಯದೋ ಅಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಟಿಕೆಟ್ ಮಾಡಿಸಿದ್ದೇನೆ. ಬುಟ್ಟಿ ಸೂಟ್‌ಕೇಸಿನಲ್ಲಿ ಹಿಡಿಸಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಹೋಗುತ್ತೇನೆ. ಸಂತೆಯ ದಿನ ಎರಡು ಕಾಫಿ ತೆಗೆದುಕೊಂಡು ಆ ಬೆಂಚಿನ ಮೇಲೆ ಕೂರುತ್ತೇನೆ. ಎರಡನೆಯದು ಯಾರಿಗೆಂದು ಯಾರಾದರೂ ಕೇಳಿದರೆ, ನಮ್ಮ ಯಜಮಾನರು ಚೌಕಾಸಿ ಮಾಡಲು ಹೋಗಿದ್ದಾರೆ ಎನ್ನುತ್ತೇನೆ.