ಗಟ್ಟಿ ದನಿಯ ಮಾತ್ರೆ ಅಕ್ಕ

ಅವರ ಬಲಭುಜ ಎಡಭುಜಕ್ಕಿಂತ ಕೊಂಚ ಕೆಳಗಿತ್ತು. ಕಫದ ಡಬ್ಬಿಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಹೆಗಲಿಗೆ ನೇತುಹಾಕಿಕೊಂಡು ವರ್ಷಗಟ್ಟಲೆ ನಡೆದದ್ದರ ಗುರುತು ಅದು. ಪೆಟ್ಟಿಗೆ ಇಲ್ಲದ ದಿನವೂ ಆ ಭುಜ ಹಾಗೇ ಜಗ್ಗಿರುತ್ತಿತ್ತು. ಬಂಗಾರಪೇಟೆ ಕಡೆಯ ಹಳ್ಳಿಯವರು. ಬೆಳಗಿನ ರೈಲಿನಲ್ಲಿ ಬಂದು ಊರಿಗಾಂನಲ್ಲಿ ಇಳಿದು, ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳಾದ ಲೈನುಗಳನ್ನು ಮುಗಿಸಿಕೊಂಡು ಆಂಡರ್ಸನ್‌ಪೇಟೆಯ ನಮ್ಮ ಬೀದಿಗೆ ಬರುವಷ್ಟರಲ್ಲಿ ಬಿಸಿಲೇರಿರುತ್ತಿತ್ತು. ಕ್ಷಯದ ರೋಗಿಗೆ ಮಾತ್ರೆ ಕೊಟ್ಟು, ನುಂಗುವ ತನಕ ಎದುರಿಗೇ ನಿಂತಿರುವುದು ಅವರ ಕೆಲಸ. ಊರಿಗೆಲ್ಲ ಅವರು ಮಾತ್ರೆ ಅಕ್ಕ.

ಕುರ್ಚಿ ಹಾಕಿದರೆ ಪೆಟ್ಟಿಗೆಯನ್ನು ಕೂರಿಸಿ ತಾವು ನಿಲ್ಲುತ್ತಿದ್ದರು. ರೋಗಿ ಮಾತ್ರೆ ಬಾಯಿಗೆ ಹಾಕಿಕೊಂಡ ಮೇಲೆ "ಇವತ್ತೇನಮ್ಮ ಸಾರು?" ಎಂದು ಕೇಳದೆ ಹೋದವರಲ್ಲ. ಸಾರಿನ ಆಸೆಗಲ್ಲ. ನಾಲಿಗೆಯಡಿ ಮಾತ್ರೆ ಬಚ್ಚಿಟ್ಟುಕೊಂಡವರಿಗೆ 'ಹುರುಳಿಕಾಳು ಬಸ್ಸಾರು' ಅನ್ನಲು ಬರುವುದಿಲ್ಲ ಎಂಬುದು ಅವರ ಲೆಕ್ಕ. ಲೈನುಗಳ ಅಜ್ಜಿಯರಿಗೆ ಇದೇ ಪ್ರಶ್ನೆ ತಮಿಳಿನಲ್ಲಿ, ನಮ್ಮ ಪಕ್ಕದ ಬೀದಿಯವರಿಗೆ ತೆಲುಗಿನಲ್ಲಿ.

ನನಗೆ ಅವರ ಮೇಲೆ ಮೊದಮೊದಲು ಇದ್ದದ್ದು ಬರೀ ಸಿಟ್ಟು. ಗದಗದ ಕಡೆಯಿಂದ ಮದುವೆಯಾಗಿ ಬಂದವಳು ನಾನು, ಗಂಡನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ. ನನಗೆ ರೋಗ ಬಂದದ್ದನ್ನು ಪಕ್ಕದ ಮನೆಗೂ ತಿಳಿಯದಂತೆ ಮುಚ್ಚಿಟ್ಟಿದ್ದೆವು. ಇವರೋ ಬೀದಿ ತುದಿಯಿಂದಲೇ "ಏನಮ್ಮಾ, ಮಾತ್ರೆ ಟೈಮಾಯ್ತು, ಬಾಗ್ಲು ತೆಗಿ!" ಎಂದು ಕೂಗಿಕೊಂಡು ಬರುವರು. ಗುಟ್ಟು ಹೇಳುವಾಗಲೂ ಗಂಟಲು ಹರಿಯುವಂಥ ಮಾತು, ಜೊತೆಗೆ ಕೈಸನ್ನೆ ಬೇರೆ.

"ಅಕ್ಕಾ, ಸ್ವಲ್ಪ ಮೆಲ್ಲಗ ಮಾತಾಡ್ರಿ."

"ಮೆಲ್ಲುಗೇ ಅಲ್ವೇನಮ್ಮಾ ಮಾತಾಡ್ತಿರಾದು?" ಎಂದು ನಿಜವಾಗಿಯೂ ಅಚ್ಚರಿಪಡುತ್ತಿದ್ದರು.

ಮಾತ್ರೆಗೆ ಕೆಮ್ಮು ತಗ್ಗಿತು. ಆಷಾಢದಲ್ಲಿ ಮತ್ತೆ ಎದ್ದಿತು. ಈ ಊರಲ್ಲಿ ಕೆಮ್ಮಿಗೆ ಸಿದ್ಧ ಉತ್ತರವೊಂದಿದೆ: ಸೈನೈಡ್ ದಿಬ್ಬ. ಚಿನ್ನ ತೆಗೆದು ಸುರಿದ ಮಣ್ಣಿನ ಆ ಗುಡ್ಡಗಳಿಂದ ಗಾಳಿಗಾಲದಲ್ಲಿ ಧೂಳೆದ್ದು ಮನೆಮನೆಗೂ ನುಗ್ಗುತ್ತದೆ. ಗಣಿಗಿಳಿದವರು ಕೆಮ್ಮಿದರೂ ಧೂಳು, ಗಣಿಯ ಬಾಯಿಯನ್ನೇ ಕಾಣದ ನನ್ನಂಥವರು ಕೆಮ್ಮಿದರೂ ಧೂಳು. ಬೀದಿಯವರು ಹಾಗಂದರು, ನಾನೂ ನಂಬಿದೆ, ಮಾತ್ರೆ ಅಕ್ಕನಿಗೂ ಅದನ್ನೇ ಹೇಳಿದೆ.

"ಧೂಳಾದ್ರೆ ನಿನ್ ಗಂಡಾನೂ ಕೆಮ್ಬೇಕಲ್ಲಮ್ಮಾ? ಒಂದೇ ಮನೆ, ಒಂದೇ ಗಾಳಿ," ಎಂದವರು ಡಬ್ಬಿ ಚಾಚಿದರು. "ಉಗಿ ಇದ್ರಾಗೆ."

ನನ್ನದು ಮಾಮೂಲಿ ಮಾತ್ರೆಗೆ ಬಗ್ಗದ ಕ್ಷಯವೇ ಎಂದು ಹೇಳುವ ಯಂತ್ರ ದೂರದ ಆಸ್ಪತ್ರೆಯಲ್ಲಿತ್ತು. ಡಬ್ಬಿ ಅಲ್ಲಿಗೆ ಹೋಗಬೇಕಾದ ವಾರವೇ ಅವರ ಕೆಲಸ ಹೋಯಿತು. ಅವರ ಸಂಸ್ಥೆಗೆ ಹಣ ಬರುತ್ತಿದ್ದುದು ಹೊರದೇಶದಿಂದ. ಅಲ್ಲಿ ಯಾರೋ ನಿಲ್ಲಿಸಿದರು, ಇಲ್ಲಿ ಇವರಿಗೆ ನಾಳೆಯಿಂದ ಬರಬೇಡಿ ಅಂದರು.

"ಔಷ್ದಿ ರೈಲಲ್ಲಿ ಬತ್ತೈತೆ, ಕಾಸು ಎತ್ತಿನಗಾಡೀಲಿ ಬತ್ತೈತೆ. ಕೆಮ್ಮೋರು ಟೇಸನ್ನಾಗೆ ನಿಂತಿರ್ತಾರೆ," ಎಂದರು. ನಗಲಿಲ್ಲ. ನನ್ನ ಡಬ್ಬಿಯನ್ನು ಪೆಟ್ಟಿಗೆಗೆ ಹಾಕಿಕೊಂಡು "ಇದ್ನ ತಲುಪಿಸ್ಬುಡ್ತೀನಿ" ಎಂದು ಹೊರಟೇಬಿಟ್ಟರು.

ಆಮೇಲೆ ಸುದ್ದಿಯಿಲ್ಲ. ಮನೆಯಲ್ಲಿ ಕೂರಲಾಗದೆ, ಮಾಸ್ಕ್ ಬಿಗಿದುಕೊಂಡು ಅವರ ಹಳ್ಳಿಗೇ ಹೋದೆ. ಅವರ ಯಜಮಾನರು ಕೊಟ್ಟಿಗೆಯಲ್ಲಿ ಹಸುವಿನ ಮೈ ತೊಳೆಯುತ್ತಿದ್ದರು. ಬೆನ್ನ ಹಿಂದೆ ನಿಂತು ಎಷ್ಟು ಕರೆದರೂ ತಿರುಗಲಿಲ್ಲ. ಅಕ್ಕ ಓಡಿಬಂದು ಅವರ ಮುಂದೆ ನಿಂತು, ಕೈಯಾಡಿಸುತ್ತಾ, ನಮ್ಮ ಬೀದಿಯಲ್ಲಿ ಕೂಗುವಂತೆಯೇ ಕೂಗಿ, ಮನೆಗೆ ಯಾರೋ ಬಂದಿದ್ದಾರೆಂದು ತಿಳಿಸಿದರು. ನನ್ನ ಸಿಟ್ಟೆಲ್ಲ ಆ ಕೊಟ್ಟಿಗೆಯ ಬಾಗಿಲಲ್ಲೇ ಇಳಿದುಹೋಯಿತು.

"ಈಗ್ತಾನೆ ಆಸ್ಪತ್ರೆಯೋರು ಫೋನ್ ಮಾಡಿದ್ರು. ಮಾಮೂಲಿ ಮಾತ್ರೆಗೆ ಬಗ್ಗಾಕಿಲ್ವಂತೆ ನಿಂದು," ಎಂದರು. ನಾನು ಯಜಮಾನರ ಕಡೆ ನೋಡುತ್ತಿದ್ದುದನ್ನು ಗಮನಿಸಿ, "ಇವ್ರದ್ದೂ ಇದೇ ಕಾಯ್ಲೆ. ಆವಾಗ ದಿನಾ ಸೂಜಿ ಚುಚ್ಚೋರು. ಜೀವ ಉಳೀತು, ಕಿವಿ ಓಯ್ತು" ಎಂದರು.

ಮನೆಯಲ್ಲಿ ನನ್ನ ಮಗಳು ಆಗಷ್ಟೇ ಮಾತು ಕಲಿಯುತ್ತಿದ್ದಳು. ಅವಳನ್ನು ಹತ್ತಿರ ಬಿಟ್ಟುಕೊಳ್ಳುವಂತಿರಲಿಲ್ಲ. ಬಾಗಿಲಾಚೆಯಿಂದ ಅವಳ ತೊದಲು ಕೇಳಿಸಿಕೊಳ್ಳುವುದೊಂದೇ ನನಗೆ ಉಳಿದ ಸುಖ.

"ನಂಗ ಸೂಜಿ ಬ್ಯಾಡ್ರಿ ಅಕ್ಕಾ. ಸತ್ರ ಸಾಯ್ತೀನಿ," ಎಂದು ತಿರುಗಿ ನಡೆದುಬಿಟ್ಟೆ.

ಅಕ್ಕ ಬಂದು ಕೈ ಹಿಡಿದು ನಿಲ್ಲಿಸಿದರು. "ಸೂಜಿ ಕಾಲ ಮುಗೀತು ಕಣಮ್ಮ. ಒಸಾ ಮಾತ್ರೆ ಬಂದೈತೆ. ಆರು ತಿಂಗ್ಳು ನುಂಗಿದ್ರೆ ಆಯ್ತು, ಕಿವಿಗೇನೂ ಆಗಾಕಿಲ್ಲ." ಆಮೇಲೆ ಮೆಲ್ಲಗೆ, ನಾನು ಕೇಳಿದ ಅವರ ಒಂದೇ ಒಂದು ಮೆಲುದನಿಯಲ್ಲಿ, "ಇವ್ರಿಗೆ ಸಿಗ್ಲಿಲ್ಲ. ನಿಂಗೆ ಸಿಗ್ತೈತೆ. ಬ್ಯಾಡ ಅಂದ್ರೆ ಕಪಾಳಕ್ಕೆ ಬುಡ್ತೀನಿ" ಎಂದರು.

ಸಂಬಳವಿಲ್ಲದ ಆ ಹೆಂಗಸು ನನ್ನನ್ನು ಎಳೆದುಕೊಂಡೇ ಆಸ್ಪತ್ರೆಗೆ ಹೋದರು. ಹೊಸ ಮಾತ್ರೆ ಆಗ ಜಿಲ್ಲೆಗೆ ಇಷ್ಟಿಷ್ಟೇ ಬರುತ್ತಿತ್ತು. ಅದಕ್ಕೆ ಕಾಯಬೇಕಾಯಿತು. ಅವರು ದಿನವೂ ಫೋನಿನಲ್ಲಿ "ಬಂತಾ?" ಎಂದು ಕಿರುಚುತ್ತಿದ್ದರು. ಕೊನೆಗೂ ಬಂತು. ನುಂಗಿದೆ. ಉಳಿದೆ. ನಾನು ಉಳಿದದ್ದು ಅವರಿಂದ, ಇದರಲ್ಲಿ ಎರಡು ಮಾತಿಲ್ಲ.

ಈಗಲೂ ಪೇಪರು ತೆರೆದರೆ ಮೈಯೆಲ್ಲ ಉರಿಯುತ್ತದೆ. ಒಂದು ಮೂಲೆಯಲ್ಲಿ ಕ್ಷಯಕ್ಕೆ ಹೊಸ ಲಸಿಕೆಯ ಪ್ರಯೋಗದ ಸುದ್ದಿ, ಇನ್ನೊಂದು ಮೂಲೆಯಲ್ಲಿ ನೆರವು ಕಡಿತದ ಸುದ್ದಿ. ಓದಿದ ದಿನ ಯಾವ ಕೆಲಸಕ್ಕೂ ಕೈ ಹೋಗುವುದಿಲ್ಲ. ಊರಿಗಾಂ ಲೈನುಗಳಲ್ಲಿ ಯಾರು ಯಾರು ಕೆಮ್ಮುತ್ತಿದ್ದಾರೋ, ಅವರ ಡಬ್ಬಿ ಹೊರುವವರು ಯಾರೋ ಎಂದು ಒಳಗೂ ಹೊರಗೂ ಓಡಾಡುತ್ತೇನೆ. ಗಂಡ ಬೈಯುತ್ತಾರೆ.

ಹೋದ ತಿಂಗಳು ಮಾತ್ರೆ ಅಕ್ಕ ಹೊಲದಲ್ಲಿ ಎದೆನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲ. ನಾನು ಹೋದಾಗ ಮನೆ ಮುಂದೆ ಚಟ್ಟ ಸಿದ್ಧವಾಗುತ್ತಿತ್ತು. ಯಜಮಾನರು ಜಗಲಿಯಲ್ಲಿ ಕೂತು ತಮಟೆಯವರ ಕೈಗಳನ್ನೇ ನೋಡುತ್ತಿದ್ದರು. ನನ್ನನ್ನು ಕಂಡು ಪಕ್ಕಕ್ಕೆ ಕರೆದು, ಅಷ್ಟೂ ಜನ ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೇಳಿದರು: "ಚೆನ್ನಾಗಿ ಬಡೀತಾವ್ರೇನಮ್ಮಾ? ಜೋರಾಗಿ ಕೇಳ್ತೈತಾ ನಿಂಗೆ?"

ಕೇಳುತ್ತಿತ್ತು. ಒಂದೊಂದು ಏಟೂ ಕೇಳುತ್ತಿತ್ತು. ಅವರ ಮುಖ ನೋಡುತ್ತಾ ತಲೆಯಾಡಿಸಿದೆ.