ಎಡಕ್ಕೆ ಕುಳಿತ ಕಾಕು

ಮೊನ್ನೆ ಸಂತೆಯಲ್ಲಿ ಯಾರೋ ಲಿಂಬೆಹಣ್ಣಿನ ಚೀಲ ಬಿಚ್ಚಿದರು. ಆ ವಾಸನೆಗೆ ಇಂಡಿ ಊರಿನ ನಮ್ಮ ಪಕ್ಕದ ಮನೆಯ ಕಾಕು ನೆನಪಾದರು. ಅಂಗಳದಲ್ಲಿ ಉಪ್ಪಿನಕಾಯಿಗೆ ಹಣ್ಣು ಹೆಚ್ಚುತ್ತ, ಗೋಡೆಯಾಚೆಯಿಂದಲೇ ನಮ್ಮವ್ವನ ಜೊತೆ ಹರಟುತ್ತಿದ್ದ ಗಟ್ಟಿ ದನಿಯ ಹೆಂಗಸು…

ಅವರ ಯಜಮಾನರು, ನಮ್ಮ ಕಾಕಾ, ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದರು. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಮುಂಜಾನೆ ಕಾಕುವಿನೊಂದಿಗೆ ಜಗಳವಾಡಿ ಹೋದವರು ಸಾಲೋಟಗಿ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಜೀವ ಉಳಿಯಿತು, ಮಾತೂ ಬಂತು. ಆದರೆ ಹಾಸಿಗೆಯ ಎಡಕ್ಕೆ ಸ್ಟೂಲು ಹಾಕಿಕೊಂಡು ಕುಳಿತ ಕಾಕುವಿನ ಕಡೆ ಮಾತ್ರ ಅವರು ತಿರುಗುತ್ತಿರಲಿಲ್ಲ.

"ನಿಮ್ಮ ಕಾಕು ಎಲ್ಲಿ ಹೋಗ್ಯಾಳೋ? ನನ್ನ ನೋಡಾಕ ಒಮ್ಮೆನೂ ಬಂದಿಲ್ಲ" ಎಂದು ಬಲಕ್ಕೆ ನಿಂತ ನನ್ನನ್ನು ಕೇಳುತ್ತಿದ್ದರು. ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಆ ಮುಂಜಾನೆಯ ಜಗಳದ ಸಿಟ್ಟನ್ನು ಕಾಕಾ ಬೇಕಂತಲೇ ತೀರಿಸಿಕೊಳ್ಳುತ್ತಿದ್ದಾರೆಂದು ಕಾಕುವಿನ ಎಣಿಕೆ.

ತಾಟಿನ ಎಡಕ್ಕಿದ್ದ ಪಲ್ಯವನ್ನೂ ಕಾಕಾ ಮುಟ್ಟುತ್ತಿರಲಿಲ್ಲ. ಅದನ್ನು ಕಂಡ ಡಾಕ್ಟರು ಬೆಂಗಳೂರಿನ ದೊಡ್ಡ ದವಾಖಾನೆಗೆ ಬರೆದುಕೊಟ್ಟರು. ಕಾಕುವಿನ ಜೊತೆ ನಾನೂ ಹೋದೆ. ಅಲ್ಲಿಯ ಡಾಕ್ಟರಮ್ಮ ಕಾಕಾನ ಗದ್ದವನ್ನು ಒಂದು ಪಟ್ಟಿಯ ಮೇಲೆ ಇರಿಸಿ, ಪರದೆಯ ಮೇಲೆ ಪೇಟೆಬೀದಿಯ ಚಿತ್ರ ತೋರಿಸಿದರು. ಕಣ್ಣು ಎಲ್ಲೆಲ್ಲಿ ಹೋಯಿತೆಂದು ಕ್ಯಾಮೆರಾ ಹಿಡಿದು, ಚಿತ್ರದ ಮೇಲೆ ಚುಕ್ಕಿಗಳಾಗಿ ಮೂಡಿಸಿತು. ಚುಕ್ಕಿಗಳೆಲ್ಲ ಬಲಕ್ಕೇ ಗುಂಪುಗೂಡಿದ್ದವು. ಎಡಗಡೆಯ ಅಂಗಡಿ, ಜನ, ಎತ್ತಿನಗಾಡಿ ಯಾವುದರ ಮೇಲೂ ಒಂದೂ ಇರಲಿಲ್ಲ.

"ಕಣ್ಣು ಚೆನ್ನಾಗಿದೆ ಅಮ್ಮಾ. ಎಡಗಡೆ ಅನ್ನೋದೊಂದಿದೆ ಅಂತ ಮಿದುಳಿಗೆ ಹೊಳೀತಿಲ್ಲ, ಆ ಕಡೆಯಿಂದ ಕರೆದರೂ ಗಮನಕ್ಕೆ ಬರಲ್ಲ."

"ಅಂದ್ರ ನನ್ನ ಮ್ಯಾಲ ಸಿಟ್ಟಿಲ್ಲನ್ರಿ?" ಎಂದ ಕಾಕು ಅಲ್ಲೇ ಕುಸಿದು ಕುಳಿತು ಅತ್ತರು.

ಎಡಕ್ಕೇ ಕುಳಿತು ಕರೆಯುತ್ತಿರಿ, ನೋಟ ಈಚೆ ಬರುವುದನ್ನು ಕಲಿಯಲಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು. ಊರಿಗೆ ಬಂದ ಮೇಲೆ ಕಾಕು ದಿನವೂ ಅದೇ ಮಗ್ಗುಲಿಗೆ ಕುಳಿತು ಕಾಕಾನ ಕೈ ಮುಟ್ಟುತ್ತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು, ಕರೆಯುತ್ತಿದ್ದರು. ಕಾಕಾ ಬಲಗಡೆಯ ಗೋಡೆ ನೋಡುತ್ತ ಮಲಗಿರುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. "ಈ ಕಡೆ ಬರ್ರಿ ಕಾಕು, ಒಂದೀಟು ಮಾತಾಡ್ರಿ" ಎಂದೆ.

"ಅಲ್ಲಿ ಬಂದ್ರ ನನಗ ಸುಖಪಾ. ಅವರು ಕಲಿಯೂದು ಹ್ಯಾಂಗ?"

ತಿಂಗಳುಗಳು ಹೋದವು. ಒಂದು ಮಧ್ಯಾಹ್ನ ಕಾಕಾನ ಕತ್ತು ಮೆಲ್ಲಗೆ ಎಡಕ್ಕೆ ಹೊರಳಿ, ಕಣ್ಣು ಕಾಕುವಿನ ಮುಖದ ಮೇಲೆ ನಿಂತಿತು.

"ಯಾವಾಗ ಬಂದಿ?"

"ಈಗ ಬಂದೇನ್ರಿ" ಎಂದರು ಕಾಕು.

ಆ ಚೇತರಿಕೆ ಬಹಳ ಕಾಲ ಉಳಿಯಲಿಲ್ಲ. ಫಿಟ್ಸ್ ಶುರುವಾಗಿ, ಮುಂದಿನ ಬೇಸಿಗೆಗೆ ಕಾಕಾ ತೀರಿಕೊಂಡರು. ಕಾಕುವೂ ಹೋಗಿ ಈಗ ಬಹಳ ವರ್ಷವಾಯಿತು… ಆ ಮಧ್ಯಾಹ್ನ ಆ ಕೋಣೆಯಲ್ಲಿ ಮೂವರಿದ್ದೆವು. ಅದನ್ನು ಬಲ್ಲವನು ಈಗ ನಾನೊಬ್ಬನೇ.